ಇಂಗಿನ ಜರ್ಮನ್ ಹೆಸರು

ಪರದೇಶಕ್ಕೆ ಹೊರಟವರಿಗೆ ಬುದ್ಧಿ ಹೇಳುವವರ ಕೊರತೆ ನಮ್ಮಲ್ಲಿ ಎಂದೂ ಇಲ್ಲ. ಚಳಿಗೆ ಉಣ್ಣೆಯ ಬಟ್ಟೆ ಇಟ್ಟುಕೋ ಎನ್ನುವವರು ಒಬ್ಬರು; ದುಡ್ಡನ್ನು ಎರಡು ಕಡೆ ಹಂಚಿಡು ಎನ್ನುವವರು ಇನ್ನೊಬ್ಬರು; ಉಪ್ಪಿನಕಾಯಿಯ ಜಾಡಿಯನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಡು ಎನ್ನುವವರು ಮತ್ತೊಬ್ಬರು. ಆದರೆ ಆ ಉಪ್ಪಿನಕಾಯಿ ಮುಗಿದ ಮೇಲೆ ಅಲ್ಲಿನ ಅಂಗಡಿಯಲ್ಲಿ ಜೀರಿಗೆಯನ್ನು ಯಾವ ಹೆಸರಿನಿಂದ ಕೇಳಬೇಕು ಎಂದು ಹೇಳಿ ಕಳಿಸಿದವರನ್ನು ನಾನು ಕಾಣೆ. ಅಡಿಗೆಯ ಸಾಮಾನುಗಳ ಹೆಸರನ್ನು ನಾವು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಅಮ್ಮನ ಸೆರಗು ಹಿಡಿದು ಒಲೆಯ ಬಳಿ ನಿಂತಿದ್ದಾಗ ಅವು ತಾವಾಗಿಯೇ ಬಂದವು. ಮತ್ತೊಂದು ನಾಡಿನಲ್ಲಿ ಅವಕ್ಕೆ ಮತ್ತೊಂದು ಹೆಸರಿರಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ಇಂಗ್ಲಿಷ್ ಹೆಸರುಗಳಾದರೂ ಡಬ್ಬಿಯ ಮೇಲಿನ ಚೀಟಿಯಿಂದಾಗಿ ಅಷ್ಟಿಷ್ಟು ಗೊತ್ತು. ಜರ್ಮನ್ ಎಂದರೆ ಅದೂ ಇಲ್ಲ.

ನಾನು ಈ ವಿಷಯದ ಬೆನ್ನು ಹತ್ತಬೇಕಾದದ್ದು ನನ್ನ ಅಕ್ಕನಿಗಾಗಿ. ಭಾವನವರಿಗೆ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಸಣ್ಣ ಊರೊಂದರ ಕಾರ್ಖಾನೆಯಲ್ಲಿ ಕೆಲಸ. ಕಳೆದ ಚಳಿಗಾಲ ಅಕ್ಕನಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ಪದ್ಧತಿ; ಆದರೆ ಅಲ್ಲಿನ ವೈದ್ಯರು ಅಷ್ಟು ದೂರದ ವಿಮಾನ ಪ್ರಯಾಣ ಬೇಡವೆಂದರು. ಹಾಗಿದ್ದರೆ ಅಮ್ಮನೇ ಹೋಗುವುದೆಂದು ನಿಶ್ಚಯವಾಗಿ, ಕಾಗದಪತ್ರಗಳೆಲ್ಲ ಸಿದ್ಧವಾದವು. ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಅಜ್ಜಿಯನ್ನು ಎತ್ತಿ ಕೂರಿಸಲು, ಮಲಗಿಸಲು ಅಮ್ಮನಲ್ಲದೆ ಬೇರೆ ಯಾರೂ ಇರಲಿಲ್ಲ. ಅಮ್ಮ ಪ್ರಯಾಣದ ಮಾತನ್ನೇ ಬಿಟ್ಟಳು. ಯಾರೊಡನೆಯೂ ಅದರ ಬಗ್ಗೆ ಆಡಲಿಲ್ಲ. ಆದರೆ ಅಜ್ಜಿ ಮಾತ್ರ ದಿನಕ್ಕೆ ಹತ್ತು ಸಲ, “ನನ್ನಿಂದಾಗಿ ಆ ಹುಡುಗಿಗೆ ಬಾಣಂತನವಿಲ್ಲದ ಹಾಗಾಯಿತಲ್ಲೋ” ಎಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗುವಳು.

ಹೀಗೆ ಒಂದು ವಾರ ಕಳೆಯಿತು. ಒಂದು ಸಂಜೆ ಅಜ್ಜಿ ನನ್ನನ್ನು ಹತ್ತಿರ ಕರೆದು, “ನಾವು ಹೋಗಲಾರೆವು, ನಮ್ಮ ಅಡಿಗೆಯಾದರೂ ಹೋಗಲಿ. ಬರಕೋ” ಎಂದಳು. ನಾನು ಬರೆದುಕೊಂಡೆ: ಮೆಂತ್ಯ, ಜೀರಿಗೆ, ಓಮ, ಮೆಣಸು, ಒಣಶುಂಠಿ, ಇಂಗು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಬೆಲ್ಲ. ಒಟ್ಟು ಒಂಬತ್ತು ಸಾಮಾನು. ಯಾವುದನ್ನು ಹುರಿಯಬೇಕು, ಯಾವುದನ್ನು ಕುಟ್ಟಬೇಕು, ಯಾವುದು ಎಷ್ಟು ದಿನದ ಮೇಲೆ ಎಂಬುದನ್ನೆಲ್ಲ ಹೇಳಿ, “ಇಂಗನ್ನು ಮರೆತೀಯೆ! ಇಂಗಿಲ್ಲದ ಬಾಣಂತಿ ಸಾರು ಬರೀ ಬಿಸಿನೀರು” ಎಂದು ಮುಗಿಸಿದಳು.

ಸಾಮಾನನ್ನೇ ಕಟ್ಟಿ ಕಳಿಸಬಾರದಿತ್ತೆ ಎಂದು ಓದುಗರು ಕೇಳಬಹುದು. ಅಕ್ಕನ ದಿನ ಹತ್ತಿರವಾಗಿತ್ತು. ಅಂಚೆಯ ಗಂಟು ಸುಂಕದ ಕಟ್ಟೆ ದಾಟಿ ಯಾವಾಗ ತಲಪುವುದೋ ಹೇಳುವಂತಿರಲಿಲ್ಲ. ಸ್ಟುಟ್‌ಗಾರ್ಟಿನಂಥ ದೊಡ್ಡ ಊರಿನಲ್ಲಿ ಭಾರತೀಯರ ಅಂಗಡಿಗಳಿವೆ, ನಿಜ. ಆದರೆ ತುಂಬಿದ ಬಸುರಿ ಹಿಮದಲ್ಲಿ ರೈಲು ಹತ್ತಿ ಹೋಗುವುದು ಸಾಧ್ಯವಿರಲಿಲ್ಲ. ಭಾವನವರನ್ನು ಕಳಿಸೋಣವೆಂದರೆ ಅವರು ಸಾಸಿವೆಗೂ ರಾಗಿಗೂ ವ್ಯತ್ಯಾಸ ಕಾಣದ ಮಹನೀಯರು. ಮೇಲಾಗಿ ಬಾಣಂತನವೆಂದರೆ ಒಂದು ದಿನದ ಊಟವಲ್ಲ; ಮೂರು ತಿಂಗಳ ವ್ಯವಸ್ಥೆ. ಬೇಕಾದದ್ದು ಕೂಗಳತೆಯ ಅಂಗಡಿಯಲ್ಲೇ ಸಿಗಬೇಕು. ಅದಕ್ಕೆ ಅಂಗಡಿಯವನಿಗೆ ತಿಳಿಯುವ ಹೆಸರು ಬೇಕು. ಆ ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಈಗಿನ ಕಾಲದವರೆಲ್ಲ ಮಾಡುವಂತೆ ನಾನೂ ಮೊದಲು ಫೋನಿನ ಅನುವಾದಯಂತ್ರದ ಮೊರೆ ಹೊಕ್ಕೆ. ‘ಇಂಗು’ ಎಂದು ಬರೆದರೆ ಅದು ನೀರು ಭೂಮಿಗೆ ಇಳಿಯುವುದಕ್ಕೆ ಜರ್ಮನರು ಏನೆನ್ನುತ್ತಾರೆ ಎಂಬುದನ್ನು ತಿಳಿಸಿತು. ಯಂತ್ರವನ್ನು ಬೈಯುವಂತಿಲ್ಲ, ಮಳೆನೀರು ಇಂಗುವುದೂ ಕನ್ನಡವೇ, ಒಗ್ಗರಣೆಯ ಇಂಗೂ ಕನ್ನಡವೇ. ಎರಡರ ಅಂತರ ತಿಳಿಯಬೇಕಾದರೆ ಮೂಗು ಬೇಕಷ್ಟೆ.

ಮರುದಿನ ಕಾಲೇಜಿನ ಪುಸ್ತಕಭಂಡಾರಕ್ಕೆ ಹೋಗಿ ಕಿಟ್ಟೆಲ್ಲರ ನಿಘಂಟನ್ನು ತೆಗೆಸಿದೆ. ಜರ್ಮನ್ ವಿಷಯಕ್ಕೆ ಜರ್ಮನರನ್ನೇ ಕೇಳೋಣವೆಂಬುದು ನನ್ನ ಯೋಚನೆ. ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದವರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದು ಧಾರವಾಡ, ಮಂಗಳೂರುಗಳಲ್ಲಿದ್ದು ಕನ್ನಡ ಕಲಿತವರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ಆದರೆ ಆ ಪುಣ್ಯಾತ್ಮರು ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ, ತಮ್ಮ ತಾಯ್ನುಡಿಯಲ್ಲಲ್ಲ! ಒಬ್ಬ ಜರ್ಮನರ ಕನ್ನಡ ನಿಘಂಟನ್ನು ಮುಂದಿಟ್ಟುಕೊಂಡು ಒಂದು ಜರ್ಮನ್ ಶಬ್ದಕ್ಕಾಗಿ ಪರದಾಡುವ ಯೋಗ ನನ್ನದಾಯಿತು. ಆದರೂ ಆ ದಪ್ಪ ಪುಸ್ತಕವನ್ನು ತಿರುವುತ್ತಿದ್ದಾಗ ಒಂದು ಸಮಾಧಾನವಾಯಿತು. ಅವರೂ ಒಮ್ಮೆ ನಮ್ಮ ಸಂತೆಯಲ್ಲಿ ನಿಂತು, ಕಾಳೊಂದನ್ನು ಕೈಯಲ್ಲಿ ಹಿಡಿದು, “ಇದಕ್ಕೆ ಏನೆನ್ನುತ್ತೀರಿ?” ಎಂದು ಕೇಳಿರಲೇಬೇಕಲ್ಲವೆ? ಅವರು ನಡೆದ ದಾರಿಯನ್ನೇ ನಾನು ಆ ತುದಿಯಿಂದ ಹಿಡಿದಿದ್ದೆ. ಕಿಟ್ಟೆಲ್ಲರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ ಪಟ್ಟಣದಲ್ಲಿ. ಅಕ್ಕನ ಊರು ಅದರ ಸಮೀಪದ್ದೇ.

ನನಗೆ ಸರಿಯಾದ ದಾರಿ ತೋರಿಸಿದವರು ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು. ಅವರು ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಚೀಟಿಯನ್ನು ನೋಡಿ, “ಮನೆಮಾತಿನಿಂದ ಮನೆಮಾತಿಗೆ ನೇರವಾಗಿ ಹಾರಬೇಡಪ್ಪ, ಮಧ್ಯೆ ಲ್ಯಾಟಿನ್ ಎಂಬ ಸೇತುವೆ ಇದೆ” ಎಂದರು. ಸ್ವೀಡನ್ನಿನ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಗಿಡಗಳಿಗೆಲ್ಲ ಎರಡೆರಡು ಪದಗಳ ಲ್ಯಾಟಿನ್ ಹೆಸರಿಟ್ಟ. ಊರೂರಿಗೆ ಹೆಸರು ಬೇರೆಯಾದರೂ ಆ ಹೆಸರು ಲೋಕಕ್ಕೆಲ್ಲ ಒಂದೇ. ಕನ್ನಡದಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಜರ್ಮನ್ನಿಗೆ ನಡೆದರೆ ದಾರಿ ತಪ್ಪುವುದಿಲ್ಲ. ಈ ಸೇತುವೆಯ ಮೇಲೆ ನಾನು ಒಂದೊಂದೇ ಸಾಮಾನನ್ನು ದಾಟಿಸತೊಡಗಿದೆ. ರಾತ್ರಿ ಅಕ್ಕನೊಡನೆ ಫೋನಿನಲ್ಲಿ ಮಾತಾಡುವಾಗ ಅಜ್ಜಿಯ ಮಂಚವೇ ನಮ್ಮ ಕಛೇರಿ.

ಸುಲಭವಾಗಿ ದಾಟಿದ್ದು ಸಬ್ಬಸಿಗೆ. ಅದಕ್ಕೆ ಇಂಗ್ಲಿಷಿನಲ್ಲೂ ಡಿಲ್, ಜರ್ಮನ್ನಿನಲ್ಲೂ ಡಿಲ್. ಅಲ್ಲಿಯವರು ಅದನ್ನು ಸೌತೆಕಾಯಿಗೂ ಮೀನಿಗೂ ಧಾರಾಳವಾಗಿ ಹಾಕುತ್ತಾರಂತೆ. ಮೆಂತ್ಯದ ಹೆಸರು ‘ಬಾಕ್ಸ್‌ಹಾರ್ನ್‌ಕ್ಲೇ’. ಬಿಡಿಸಿದರೆ ‘ಹೋತದ ಕೊಂಬಿನ ಹುಲ್ಲು’ ಎಂದಾಗುತ್ತದೆ; ಅದರ ಬಾಗಿದ ಕಾಯಿ ಕೊಂಬಿನಂತಿರುವುದರಿಂದ ಆ ಹೆಸರು. ಅಜ್ಜಿ ಇದನ್ನು ಕೇಳಿ, “ಹೋತನೋ ಹೋರಿಯೋ, ಕಹಿ ಇದ್ದರೆ ಸರಿ” ಎಂದಳು. ಬೆಲ್ಲಕ್ಕೆ ಮಾತ್ರ ಅವರಲ್ಲಿ ಒಂದು ಮಾತಿನ ಹೆಸರಿಲ್ಲ. ಶುದ್ಧಿಮಾಡದ ಕಬ್ಬಿನ ಸಕ್ಕರೆ ‘ಫೋಲ್‌ರೋರ್‌ತ್ಸುಕರ್’ ಎಂದು ಸಿಗುತ್ತದೆ; ನಮ್ಮ ಬೆಲ್ಲಕ್ಕೆ ಅದು ದಾಯಾದಿ ಎನ್ನಬಹುದು.

ಜೀರಿಗೆಯ ವಿಷಯ ಅಷ್ಟು ಸುಲಭವಾಗಲಿಲ್ಲ. ಜರ್ಮನಿಯ ಅಂಗಡಿಗಳಲ್ಲೆಲ್ಲ ‘ಕ್ಯುಮೆಲ್’ ಎಂಬ ಕಾಳು ಸಿಗುತ್ತದೆ. ನೋಡಲು ಜೀರಿಗೆಯೇ. ಅವರು ಅದನ್ನು ರೊಟ್ಟಿಗೆ, ಕೋಸಿನ ಹುಳಿಗೆ, ಗಿಣ್ಣಿಗೆ ಹಾಕುತ್ತಾರೆ. ಅದರ ಹೆಸರು ಹುಟ್ಟಿದ್ದೂ ಜೀರಿಗೆಯ ಲ್ಯಾಟಿನ್ ಹೆಸರಾದ ‘ಕುಮಿನಮ್’ ಎಂಬುದರಿಂದಲೇ. ಆದರೆ ಆ ಹೆಸರು ಉತ್ತರಕ್ಕೆ ಹೋಗುತ್ತ ಅಲ್ಲಿ ಬೆಳೆಯುವ ಇನ್ನೊಂದು ಕಾಳಿಗೆ ಅಂಟಿಕೊಂಡುಬಿಟ್ಟಿತು. ಹೀಗಾಗಿ ನಿಜವಾದ ಜೀರಿಗೆ ಆ ದೇಶವನ್ನು ಮುಟ್ಟಿದಾಗ ತನ್ನ ಹೆಸರಿನಲ್ಲಿ ಬೇರೊಬ್ಬ ಸಂಸಾರ ಮಾಡುತ್ತಿರುವುದನ್ನು ಕಂಡು, ಹೆಸರಿನ ಮುಂದೆ ಒಂದು ‘ಶಿಲುಬೆ’ಯನ್ನು ಸೇರಿಸಿಕೊಂಡು ‘ಕ್ರೊಯ್ಟ್ಸ್‌ಕ್ಯುಮೆಲ್’ ಆಗಬೇಕಾಯಿತು. ಈ ಮನೆತನ ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಓಮ ಅಲ್ಲಿ ‘ಕ್ಯೋನಿಗ್ಸ್‌ಕ್ಯುಮೆಲ್’, ಎಂದರೆ ರಾಜಜೀರಿಗೆ. ಉತ್ತರದವರ ಕಲೋಂಜಿ ‘ಶ್ವಾರ್ಟ್ಸ್‌ಕ್ಯುಮೆಲ್’, ಎಂದರೆ ಕರಿಜೀರಿಗೆ. ಒಬ್ಬ ರಾಜ, ಒಬ್ಬ ಕರಿಯ, ಒಬ್ಬ ಶಿಲುಬೆಧಾರಿ, ಒಬ್ಬ ಬರಿಯ ಕ್ಯುಮೆಲ್. ನಾಲ್ಕು ಡಬ್ಬಿಗಳಲ್ಲಿ ಒಂದನ್ನು ತಪ್ಪಿದರೂ ಸಾರು ಬೇರೆ. ಕೊನೆಗೆ ಅಕ್ಕನಿಗೆ ಜೀರಿಗೆ ದೊರೆತದ್ದು ಬೀದಿಯ ಕೊನೆಯ ತುರ್ಕರ ಅಂಗಡಿಯಲ್ಲಿ. 1961ರ ಒಪ್ಪಂದದ ಮೇಲೆ ಕೂಲಿಗೆಂದು ಬಂದ ತುರ್ಕರು ಜರ್ಮನಿಯ ಊರೂರಲ್ಲಿ ನೆಲಸಿದ್ದಾರೆ. ಅವರ ಬಾಯಲ್ಲಿ ಜೀರಿಗೆ ‘ಕಿಮ್ಯೋನ್’. ಕ್ಯುಮೆಲ್ಲಿಗೂ ಕಿಮ್ಯೋನಿಗೂ ಇರುವ ಸಂಬಂಧ ಕಿವಿಗೇ ಕೇಳುತ್ತದೆ.

ಇನ್ನು ಶುಂಠಿ. ಅಕ್ಕ ಒಂದು ದಿನ ಬಹು ಉತ್ಸಾಹದಿಂದ ಫೋನು ಮಾಡಿ, “ಇಂಗು ಸಿಕ್ಕಿತು ಕಣೋ! ಡಬ್ಬಿಯ ಮೇಲೆ ‘ಇಂಗ್ವರ್’ ಎಂದೇ ಬರೆದಿದೆ” ಎಂದಳು. ಮುಚ್ಚಳ ತೆಗೆದು ಮೂಸು ಎಂದು ಅಮ್ಮ ಹೇಳಿದಳು. ಆ ಕಡೆ ಒಂದು ಕ್ಷಣ ಮೌನ, ಆಮೇಲೆ, “ಅಯ್ಯೋ, ಶುಂಠಿಪುಡಿ!” ಎಂಬ ಉದ್ಗಾರ. ಹುಡುಕಿದ್ದು ಇಂಗು, ಸಿಕ್ಕಿದ್ದು ಶುಂಠಿ. ಹೇಗೂ ಪಟ್ಟಿಯಲ್ಲಿ ಒಂದು ಕಡಿಮೆಯಾಯಿತು. ಈ ಇಂಗ್ವರ್ ಎಂಬ ಮಾತಿನ ಚರಿತ್ರೆ ನನ್ನನ್ನು ಎರಡು ದಿನ ಓದಿಗೆ ಕೂರಿಸಿತು. ಲ್ಯಾಟಿನ್ನಿನ ‘ಜಿಂಜಿಬೆರ್’, ಗ್ರೀಕಿನ ‘ಜಿಂಗಿಬೆರಿಸ್’, ಪಾಳಿಯ ‘ಸಿಂಗಿವೇರ’ ಎಂದು ಹಿಂದೆ ಹಿಂದೆ ಹೋದರೆ, ಅದು ದಕ್ಷಿಣದ ‘ಇಂಜಿ’ ಮತ್ತು ‘ವೇರ್’ ಎಂಬ ಎರಡು ಮಾತುಗಳಲ್ಲಿ ಬಂದು ನಿಲ್ಲುತ್ತದೆಂದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿಯ ಅಭಿಪ್ರಾಯ. ತಮಿಳು ಮಲೆಯಾಳಗಳ ‘ವೇರ್’ ಎಂದರೆ ನಮ್ಮ ‘ಬೇರು’. ಜರ್ಮನ್ ಅಂಗಡಿಯ ಡಬ್ಬಿಯ ಮೇಲಿನ ಆ ಮಾತಿನ ಬಾಲ ಹೀಗೆ ನಮ್ಮ ಮನೆಯ ಹಿತ್ತಲಿನದು!

ಮೆಣಸೂ ಅಂಥದೇ. ಜರ್ಮನ್ ‘ಫೆಫರ್’ ಹುಟ್ಟಿದ್ದು ಸಂಸ್ಕೃತದ ಪಿಪ್ಪಲಿಯಿಂದ, ಎಂದರೆ ನಮ್ಮ ಹಿಪ್ಪಲಿಯಿಂದ. ಯಾರನ್ನಾದರೂ ದೂರ ಅಟ್ಟಬೇಕಾದರೆ ಜರ್ಮನರು ‘ಮೆಣಸು ಬೆಳೆಯುವ ಕಡೆಗೆ ತೊಲಗು’ ಎನ್ನುತ್ತಾರಂತೆ. ಅವರ ಪಾಲಿಗೆ ಅದು ಭೂಮಿಯ ಕೊನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ನಾಡು ನಮ್ಮದು. ಈ ಗಾದೆಯನ್ನು ಹೇಳಿದಾಗ ಅಜ್ಜಿ ಮುರಿದ ಸೊಂಟವನ್ನೂ ಮರೆತು ನಕ್ಕಳು. “ಹಾಗಾದರೆ ಅವಳನ್ನು ಯಾರಾದರೂ ಬೈದು ಇಲ್ಲಿಗೆ ಅಟ್ಟಲಿ” ಎಂದಳು. ನಕ್ಕ ಮೇಲೆ ಅವಳ ಕಣ್ಣು ಒದ್ದೆಯಾಗಿದ್ದುದನ್ನು ಅಮ್ಮನೂ ನಾನೂ ನೋಡಿದೆವು.

ಕೊನೆಗೆ ಉಳಿದದ್ದು ಇಂಗು. ಇದರ ಲ್ಯಾಟಿನ್ ಹೆಸರು ‘ಫೆರುಲಾ ಅಸಾಫೀಟಿಡಾ’. ‘ಅಸಾ’ ಎಂದರೆ ಪಾರಸಿಯಿಂದ ಬಂದ, ಅಂಟು ಎಂಬರ್ಥದ ಮಾತು; ‘ಫೀಟಿಡಾ’ ಎಂದರೆ ನಾರುವುದು. ಜರ್ಮನಿಯ ಔಷಧಿ ಅಂಗಡಿಗಳಲ್ಲಿ ಇದಕ್ಕೆ ‘ಅಸಾಂಟ್’ ಎನ್ನುತ್ತಾರೆ. ಆದರೆ ಜನರ ಬಾಯಲ್ಲಿ ಇದರ ಹೆಸರು ‘ಟಾಯ್ಫೆಲ್ಸ್‌ಡ್ರೆಕ್’, ಎಂದರೆ ‘ಸೈತಾನನ ಹೊಲಸು’! ಫ್ರೆಂಚರೂ ಇದೇ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ‘ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತು’ ಎಂಬ ಗಾದೆ. ಮಂಗನನ್ನೂ ಬಾಣಸಿಗನನ್ನಾಗಿ ಮಾಡುವ ಈ ಮಹಾವಸ್ತು ಅವರ ಮೂಗಿಗೆ ಪಿಶಾಚಿಯ ಕಸವಾಗಿ ಕಂಡಿತು. ಅವರದೂ ತಪ್ಪಲ್ಲ. ಹಸಿ ಇಂಗಿನಲ್ಲಿ ಗಂಧಕದ ಅಂಶವಿದೆ. ಅದರ ವಾಸನೆ ತಡೆಯುವುದು ಕಷ್ಟ. ಬಿಸಿ ತುಪ್ಪಕ್ಕೆ ಬಿದ್ದಾಗ ಮಾತ್ರ ಅದು ಈರುಳ್ಳಿ ಬೆಳ್ಳುಳ್ಳಿಗಳ ಹದವಾದ ಪರಿಮಳವಾಗುತ್ತದೆ. ಅವರು ಅದನ್ನು ಔಷಧಿಯ ಶೀಶೆಯಲ್ಲಿ ಮೂಸಿ ಹೆಸರಿಟ್ಟರು. ನಾವು ಒಗ್ಗರಣೆಯ ಸೌಟಿನಲ್ಲಿ ಮೂಸಿ ಗಾದೆ ಕಟ್ಟಿದೆವು.

ಇಂಗ್ಲಿಷ್ ವಿಭಾಗದ ನಮ್ಮ ಅಧ್ಯಾಪಕರೊಬ್ಬರಿಗೆ ಈ ಹೆಸರು ಹೇಳಿದಾಗ ಅವರು ಎದ್ದು ನಿಂತೇಬಿಟ್ಟರು. ಕಾರ್ಲೈಲನು 1833-34ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದ ‘ಸಾರ್ಟರ್ ರಿಸಾರ್ಟಸ್’ ಗ್ರಂಥದ ನಾಯಕನಾದ ಜರ್ಮನ್ ಪ್ರೊಫೆಸರನ ಹೆಸರು ಡಯೋಜಿನಿಸ್ ಟಾಯ್ಫೆಲ್ಸ್‌ಡ್ರೋಕ್. ಡಯೋಜಿನಿಸ್ ಎಂದರೆ ದೇವಸಂಭವ. ಹೆಸರಿನ ಉಳಿದರ್ಧ ನಮ್ಮ ಇಂಗು! ವರ್ಷಗಟ್ಟಲೆ ಪಾಠ ಹೇಳಿದ ಹೆಸರು ಮನೆಯ ಒಗ್ಗರಣೆ ಡಬ್ಬಿಯಲ್ಲಿಯೇ ಇತ್ತಲ್ಲ ಎಂದು ಅವರು ಬಹಳ ಹೊತ್ತು ನಗುತ್ತಿದ್ದರು.

ಅಕ್ಕ ನಾನು ಬರೆದುಕೊಟ್ಟ ಹೆಸರನ್ನು ಹಿಡಿದು ಊರಿನ ಔಷಧಿ ಅಂಗಡಿಗೆ ಹೋದಳು. ಅಲ್ಲಿದ್ದ ವಯಸ್ಸಾದ ಹೆಂಗಸು ಚೀಟಿ ಓದಿ ಕನ್ನಡಕದ ಮೇಲಿಂದ ನೋಡಿ, “ಟಾಯ್ಫೆಲ್ಸ್‌ಡ್ರೆಕ್? ಇದು ನಿನಗೇಕಮ್ಮ?” ಎಂದಳಂತೆ. ತಿನ್ನಲಿಕ್ಕೆ ಎಂದು ಅಕ್ಕ ಹೇಳಿದಾಗ ಆಕೆಗೆ ನಂಬಿಕೆಯೇ ಬರಲಿಲ್ಲ. ತರಿಸಿಕೊಡುತ್ತೇನೆಂದು ಹೇಳಿ, ಎರಡು ದಿನದ ಮೇಲೆ ಪುಟ್ಟ ಪೊಟ್ಟಣವನ್ನು ಎರಡು ಚೀಲಗಳಲ್ಲಿ ಕಟ್ಟಿ ಕೊಟ್ಟಳು.

ಇಂಗು ನಮ್ಮದು ಎಂದು ನಾವು ಎಷ್ಟು ಹೆಮ್ಮೆ ಪಟ್ಟರೂ ಅದು ನಮ್ಮ ಮಣ್ಣಿನದಲ್ಲ ಎಂಬುದನ್ನು ಈ ಹುಡುಕಾಟದಲ್ಲಿಯೇ ನಾನು ತಿಳಿದೆ. ಇರಾನ್, ಆಫ್ಘಾನಿಸ್ತಾನಗಳ ಒಣಬೆಟ್ಟಗಳ ಗಿಡದ ಬೇರನ್ನು ಕೊಯ್ದು, ಒಸರಿದ ಹಾಲು ಹೆಪ್ಪುಗಟ್ಟಿದ ಮೇಲೆ ಕೆರೆದು ತೆಗೆದದ್ದೇ ಇಂಗು. ಶತಮಾನಗಳಿಂದ ನಾವು ಅದನ್ನು ತರಿಸಿಕೊಂಡೇ ತಿಂದವರು. ಹಿಮಾಚಲ ಪ್ರದೇಶದ ಲಾಹುಲ್ ಕಣಿವೆಯಲ್ಲಿ ನಮ್ಮ ವಿಜ್ಞಾನಿಗಳು ಅದರ ಸಸಿ ನೆಟ್ಟು ಬೇಸಾಯಕ್ಕೆ ತೊಡಗಿದ್ದು 2020ರಲ್ಲಿ. ಪರದೇಶದ ಅಂಟೊಂದು ನಮ್ಮ ಅಜ್ಜಿಯರ ಸಾರಿನಲ್ಲಿ ಹೀಗೆ ಬೆರೆತಿರುವಾಗ, ನಮ್ಮ ಹುಡುಗಿಯೊಬ್ಬಳು ಪರದೇಶದಲ್ಲಿ ಬೆರೆಯಲಾರಳೆ ಎಂದು ನಾನು ಅಮ್ಮನಿಗೆ ಹೇಳಿದೆ. “ಇಂಗಿಗೆ ತಾಯಿ ಇಲ್ಲ, ಅದಕ್ಕೆ ಬೆರೆಯಿತು” ಎಂದಳು ಅಮ್ಮ. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅದಕ್ಕೆ ಉತ್ತರ ಬಂದದ್ದು ಇನ್ನೊಂದು ಜರ್ಮನ್ ಮಾತಿನಿಂದ. ಅಕ್ಕನಿಗೆ ಗಂಡುಮಗುವಾಗಿ ಮನೆಗೆ ಬಂದ ಮರುದಿನವೇ ಸೂಲಗಿತ್ತಿಯೊಬ್ಬಳು ಬಾಗಿಲು ತಟ್ಟಿದಳು. ಅಲ್ಲಿಯ ಆರೋಗ್ಯವಿಮೆಯ ವ್ಯವಸ್ಥೆಯಲ್ಲಿ, ಹೆರಿಗೆಯಾದ ಮೊದಲ ಹತ್ತು ದಿನ ಸೂಲಗಿತ್ತಿ ದಿನವೂ ಮನೆಗೆ ಬಂದು ತಾಯಿಮಗುವನ್ನು ನೋಡಬಹುದು. ಆಮೇಲೆಯೂ ಹನ್ನೆರಡು ವಾರಗಳವರೆಗೆ ಬೇಕಾದಾಗ ಬರುತ್ತಾಳೆ. ಈ ಅವಧಿಗೆ ಅವರು ಇಟ್ಟ ಹೆಸರು ‘ವೋಖನ್‌ಬೆಟ್’, ಎಂದರೆ ‘ವಾರಗಳ ಹಾಸಿಗೆ’. ನಾನು ಅಜ್ಜಿಗೆ ಇದನ್ನು ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರಲ್ಲೂ ಬಾಣಂತನವಿದೆ” ಎಂದಳು. ಸೂಲಗಿತ್ತಿಗೆ ಅವರು ಹೇಳುವುದು ‘ಹೇಬಾಮೆ’. ಹಳೆಯ ಜರ್ಮನ್ನಿನಲ್ಲಿ ಅದರ ಅರ್ಥ ‘ಎತ್ತಿಕೊಳ್ಳುವ ಅಜ್ಜಿ’ ಎಂದು ಪಂಡಿತರು ಹೇಳುತ್ತಾರೆ. ಇದನ್ನು ಕೇಳಿದ ರಾತ್ರಿ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಲಿಲ್ಲ.

ಆ ಹೇಬಾಮೆ ಅಕ್ಕನ ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡಿದಳಂತೆ. ಬಾಕ್ಸ್‌ಹಾರ್ನ್‌ಕ್ಲೇ ಕಂಡು ತಲೆದೂಗಿದಳು. ಹಾಲೂಡುವ ತಾಯಂದಿರಿಗೆಂದು ಅಲ್ಲಿ ಮಾರುವ ಕಷಾಯದ ಪುಡಿಯಲ್ಲಿ ಸೋಂಪು, ಕ್ಯುಮೆಲ್‌ಗಳ ಜೊತೆಗೆ ಎಷ್ಟೋ ವೇಳೆ ಮೆಂತ್ಯವೂ ಇರುತ್ತದೆ. ಇಂಗಿನ ಪೊಟ್ಟಣವನ್ನು ಮೂಸಿ ಮಾರು ದೂರ ಹಿಡಿದಳು. “ಚಿಟಿಕೆಗಿಂತ ಹೆಚ್ಚು ಬೇಡ, ಮಗುವಿಗಂತೂ ಇದಾವುದನ್ನೂ ಕೊಡಕೂಡದು” ಎಂದಳು. ಅಜ್ಜಿಗೆ ಈ ಮಾತನ್ನು ದಾಟಿಸುವಾಗ ನನಗೆ ಸ್ವಲ್ಪ ಭಯವೇ ಇತ್ತು. ಅಜ್ಜಿಯೋ, “ಅವಳು ಎದುರಿಗಿದ್ದಾಳೆ, ನಾನು ಮಂಚದ ಮೇಲಿದ್ದೇನೆ. ಅವಳು ಹೇಳಿದ ಹಾಗೆ ಆಗಲಿ” ಎಂದುಬಿಟ್ಟಳು. ಎಪ್ಪತ್ತು ವರ್ಷದ ಅಧಿಕಾರವನ್ನು ಅಜ್ಜಿ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದನ್ನು ನಾನು ಇದೇ ಮೊದಲು ಕಂಡದ್ದು.

ನಮ್ಮ ಕಾಲೇಜಿನ ಗೆಳೆಯ ಗೆಳತಿಯರಲ್ಲಿ ನಾಳೆ ಯಾರು ಯಾರು ಯಾವ ಯಾವ ದೇಶಕ್ಕೆ ಹೋಗುವರೋ ಬಲ್ಲವರಾರು? ಅವರಲ್ಲಿ ನನ್ನದೊಂದು ಬಿನ್ನಹ. ಹೊರಡುವ ಮುನ್ನ ಮನೆಯ ಒಗ್ಗರಣೆ ಡಬ್ಬಿಯನ್ನು ಮುಂದಿಟ್ಟುಕೊಂಡು ಕುಳಿತು, ಒಂದೊಂದು ಸಾಮಾನಿಗೂ ಕನ್ನಡದ ಹೆಸರು, ಲ್ಯಾಟಿನ್ ಹೆಸರು, ಹೋಗುವ ನಾಡಿನ ಹೆಸರು ಎಂದು ಮೂರು ಸಾಲು ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ. ಬರೆಯುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡಬ್ಬಿಯಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಆಗ ಹೊರಗೆ ಬರುತ್ತವೆ. ಜರ್ಮನಿಗೇ ಹೋಗುವವರಿದ್ದರೆ ನನ್ನ ಪಟ್ಟಿ ಸಿದ್ಧವಾಗಿದೆ, ಬಂದು ನಕಲು ಮಾಡಿಕೊಳ್ಳಬಹುದು. ಇಂಗನ್ನು ಕೇಳುವಾಗ ಮಾತ್ರ ‘ಅಸಾಂಟ್’ ಎಂದೇ ಕೇಳಿ. ಇನ್ನೊಂದು ಹೆಸರನ್ನು ಹೇಳಿದರೆ, ಅದನ್ನು ತಿನ್ನುವುದೇಕೆಂದು ವಿವರಿಸಲು ಬೇಕಾದಷ್ಟು ಜರ್ಮನ್ ನಿಮಗೆ ಬರಬೇಕಾಗುತ್ತದೆ.